ಬರೀ ಉರು ಹೊಡೆದರೆ ಅಲ್ಗಾರಿದಮ್ ಕೈಗೆ ಬರುತ್ತಾ?

ಹೋದ ತಿಂಗಳು ಒಬ್ಬ ಓದುಗರಿಗೆ ಅಲ್ಗಾರಿದಮ್, ಅಂದರೆ ಒಂದು ಲೆಕ್ಕವನ್ನೋ ಕೆಲಸವನ್ನೋ ಹಂತ ಹಂತವಾಗಿ ಮಾಡಿ ಮುಗಿಸುವ ವಿಧಾನದ ಬಗ್ಗೆ ನಾಲ್ಕು ಸಾಲಿನ ಉತ್ತರ ಬರೆದಿದ್ದೆ. ಅದಾದ ಮೇಲೆ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಇದೇ ವಿಷಯದ್ದು. ಓದುವ ಮಕ್ಕಳು, ಪಾಠ ಮಾಡುವವರು, ಫೀಸು ಕಟ್ಟುವ ಅಪ್ಪ ಅಮ್ಮಂದಿರು, ಎಲ್ಲರೂ ಬರೆದಿದ್ದಾರೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ ಇರಲಿ.

ಪ್ರಶ್ನೆ: ಮೇಡಂ, ನಾನು ಇಂಜಿನಿಯರಿಂಗ್ ನಾಲ್ಕನೇ ಸೆಮಿಸ್ಟರ್. ಅಲ್ಗಾರಿದಮ್ ಲ್ಯಾಬ್‌ನಲ್ಲಿ ಹನ್ನೆರಡು ಪ್ರೋಗ್ರಾಂ ಇವೆ, ಹನ್ನೆರಡೂ ಬಾಯಿಪಾಠ. ಪರೀಕ್ಷೆಯಲ್ಲಿ ಯಾವ ಚೀಟಿ ಬಂದರೂ ಬರೆಯುತ್ತೇನೆ. ಆದರೆ ಪ್ಲೇಸ್‌ಮೆಂಟ್ ಟೆಸ್ಟ್‌ನಲ್ಲಿ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದರೆ ಕೈಯೇ ಓಡುವುದಿಲ್ಲ. ನನಗೆ ತಲೆ ಇಲ್ವಾ? (ವಿದ್ಯಾರ್ಥಿನಿ, ಹಾಸನ)

ತಲೆ ಇದೆ ಕಣಮ್ಮ. ಇಲ್ಲದಿದ್ದರೆ ಹನ್ನೆರಡು ಪ್ರೋಗ್ರಾಂ ಬಾಯಿಪಾಠ ಮಾಡೋಕೆ ಆಗುತ್ತಿರಲಿಲ್ಲ. ಎಡವಟ್ಟಾಗಿರುವುದು ಕಲಿತ ಕ್ರಮದಲ್ಲಿ. ಮೊದಲು ಕೋಡ್ ಬಂತು, ಆಮೇಲೆ ರೆಕಾರ್ಡ್ ಬುಕ್ ಬಂತು, ಇದು ಯಾಕೆ ಹೀಗೆ ಎಂಬ ಪ್ರಶ್ನೆ ಬರುವ ಹೊತ್ತಿಗೆ ಸೆಮಿಸ್ಟರ್ ಮುಗಿದಿತ್ತು.

ನನಗೂ ಹೀಗೇ ಆಗಿತ್ತು. ಲ್ಯಾಬ್ ಪರೀಕ್ಷೆಯಲ್ಲಿ ಬೈನರಿ ಸರ್ಚ್ ಬಂತು, ಅಂದರೆ ಜೋಡಿಸಿಟ್ಟ ಪಟ್ಟಿಯನ್ನು ಅರ್ಧರ್ಧ ಮಾಡುತ್ತಾ ಒಂದು ಸಂಖ್ಯೆ ಹುಡುಕುವುದು. ಐದು ನಿಮಿಷದಲ್ಲಿ ಬರೆದೆ, ಓಡಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ನನ್ನ ಹಾಳೆಯ ಮೇಲೆ ಬೆರಳಿಟ್ಟು, "ಇಲ್ಲಿ ಪ್ಲಸ್ ಒಂದು ಯಾಕಮ್ಮ ಬರೆದೆ? ತೆಗೆದರೆ ಏನಾಗುತ್ತೆ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಬೈಯಲಿಲ್ಲ, ಮಾರ್ಕ್ಸೂ ಕಡಿಮೆ ಮಾಡಲಿಲ್ಲ. ಆದರೆ ಆ ಪ್ರಶ್ನೆ ಇವತ್ತಿಗೂ ನನ್ನ ಜೊತೆ ಇದೆ, ಅದನ್ನೇ ನಾನು ನನ್ನ ವಿದ್ಯಾರ್ಥಿಗಳಿಗೆಲ್ಲ ಕೇಳುತ್ತಾ ಬಂದಿದ್ದೇನೆ. ಈಗ ನಿಮಗೂ ಕೇಳುತ್ತೇನೆ. ಕಂಪ್ಯೂಟರ್ ಮುಚ್ಚಿ, ಪೆನ್ನು ಹಾಳೆ ತೆಗೆದುಕೊಳ್ಳಿ.

ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ ಎಂಟು ಸಂಖ್ಯೆ ಬರೆಯಿರಿ: 3, 7, 11, 18, 24, 31, 40, 52. ಕೆಳಗೆ 1ರಿಂದ 8ರವರೆಗೆ ಸ್ಥಾನ ಬರೆಯಿರಿ. ನಾವು ಹುಡುಕುವುದು 52. ಎಡ ತುದಿ 1, ಬಲ ತುದಿ 8. ಎರಡನ್ನೂ ಕೂಡಿಸಿ ಅರ್ಧ ಮಾಡಿ, ಮಿಕ್ಕ ಅರ್ಧ ಬಿಟ್ಟರೆ ನಡು 4, ಅಲ್ಲಿರುವುದು 18. ನಮಗೆ ಬೇಕಾದ್ದು ಅದಕ್ಕಿಂತ ದೊಡ್ಡದು, ಹಾಗಾಗಿ ಎಡ ತುದಿ ನಡು ಪ್ಲಸ್ ಒಂದು, ಅಂದರೆ 5ಕ್ಕೆ ಬಂತು. ಈಗ ನಡು 6, ಅಲ್ಲಿ 31. ಎಡ ತುದಿ 7 ಆಯಿತು. ನಡು 7, ಅಲ್ಲಿ 40. ಇನ್ನೂ ಮುಂದೆ ಹೋಗಬೇಕು, ಎಡ ತುದಿ 8. ಈಗ ಎಡವೂ 8, ಬಲವೂ 8.

ಇಲ್ಲಿ ನಿಲ್ಲಿ. ಈ ಸುತ್ತುಗಳನ್ನು ಮತ್ತೆ ಮತ್ತೆ ಓಡಿಸುವ ನಿಮ್ಮ ಲೂಪ್‌ನಲ್ಲಿ "ಎಡ ಬಲಕ್ಕಿಂತ ಕಡಿಮೆ ಇರುವವರೆಗೆ" ಎಂದು ಬರೆದಿದ್ದರೆ ಲೂಪ್ ಇಲ್ಲಿಗೇ ಮುಗಿಯುತ್ತದೆ. 52 ಕಣ್ಣೆದುರೇ ಇದೆ, ಪ್ರೋಗ್ರಾಂ ಮಾತ್ರ "ಇಲ್ಲ" ಎನ್ನುತ್ತದೆ. "ಕಡಿಮೆ ಅಥವಾ ಸಮ" ಎಂದು ಬರೆದಿದ್ದರೆ ಇನ್ನೊಂದು ಸುತ್ತು ಹೋಗಿ ಸಿಗುತ್ತದೆ. ಇನ್ನು ಆ ಪ್ಲಸ್ ಒಂದು. ಅದನ್ನು ತೆಗೆದು ಎಡ ತುದಿಯನ್ನು ನಡುವಿನ ಜಾಗಕ್ಕೇ ತಂದರೆ, ಎಡ 7, ಬಲ 8 ಆದಾಗ ನಡು ಮತ್ತೆ 7. ಎಡ ಮತ್ತೆ 7. ಮತ್ತೆ ನಡು 7. ಗಾಣದ ಎತ್ತಿನ ಹಾಗೆ ಅಲ್ಲೇ ಸುತ್ತುತ್ತಿರುತ್ತದೆ, ಮುಗಿಯುವುದೇ ಇಲ್ಲ.

ಈಗ ಇದರ ಹಿಂದಿರುವ ಒಂದು ಮಾತನ್ನು ಬರೆದಿಡಿ: ಹುಡುಕುವ ಸಂಖ್ಯೆ ಪಟ್ಟಿಯಲ್ಲಿ ಇದ್ದರೆ ಅದು ಎಡ ತುದಿ ಮತ್ತು ಬಲ ತುದಿಯ ಒಳಗೇ ಇರಬೇಕು. ಪ್ರತಿ ಸುತ್ತಿನಲ್ಲೂ ಈ ಮಾತು ಉಳಿಯಬೇಕು, ಪ್ರತಿ ಸುತ್ತಿನಲ್ಲೂ ಆ ಜಾಗ ಸ್ವಲ್ಪವಾದರೂ ಕಿರಿದಾಗಬೇಕು. ಇಷ್ಟು ಗೊತ್ತಿದ್ದರೆ ಕೋಡ್ ಮರೆತರೂ ತೊಂದರೆ ಇಲ್ಲ, ಮತ್ತೆ ಕಟ್ಟಿಕೊಳ್ಳಬಹುದು. ಪ್ರಶ್ನೆ ತಿರುಗಿಸಿ, "52 ಎಷ್ಟು ಸಲ ಇದೆ", "50ಕ್ಕಿಂತ ದೊಡ್ಡದಾದ ಮೊದಲ ಸಂಖ್ಯೆ ಯಾವುದು" ಎಂದೆಲ್ಲ ಕೇಳಿದರೂ ಕೈ ಓಡುತ್ತದೆ, ಯಾಕೆಂದರೆ ಆ ಮಾತನ್ನು ಎಲ್ಲಿ ಬದಲಾಯಿಸಬೇಕು ಎಂಬುದು ನಿಮಗೆ ಕಾಣುತ್ತಿರುತ್ತದೆ.

ಇದು ಸಣ್ಣ ವಿಷಯ ಅಂದುಕೊಳ್ಳಬೇಡಿ. ಜಾನ್ ಬೆಂಟ್ಲಿ ಎಂಬ ವಿಜ್ಞಾನಿ ಬೆಲ್ ಲ್ಯಾಬ್ಸ್ ಮತ್ತು ಐಬಿಎಂನಲ್ಲಿ ಕೆಲಸದಲ್ಲಿದ್ದ ಪ್ರೋಗ್ರಾಮರ್‌ಗಳಿಗೇ ಬೈನರಿ ಸರ್ಚ್ ಬರೆಯಲು ಕೊಟ್ಟಿದ್ದರು, ಒಂದೆರಡು ಗಂಟೆ ಸಮಯವನ್ನೂ ಕೊಟ್ಟಿದ್ದರು. ನೂರಕ್ಕೆ 90 ಜನ ಬರೆದಿದ್ದರಲ್ಲಿ ತಪ್ಪಿತ್ತು. ಅಷ್ಟೇ ಅಲ್ಲ. ಜಾವಾ ಭಾಷೆಯ ಜೊತೆಗೇ ಬರುವ ಲೈಬ್ರರಿಯ ಬೈನರಿ ಸರ್ಚ್‌ನಲ್ಲಿ ಒಂಬತ್ತು ವರ್ಷದಷ್ಟು ಕಾಲ ಒಂದು ತಪ್ಪು ಅಡಗಿ ಕೂತಿತ್ತು. 2006ರಲ್ಲಿ ಅದನ್ನು ಜಗತ್ತಿಗೆ ತಿಳಿಸಿದವರು ಆ ಕೋಡ್ ಬರೆದಿದ್ದ ಜೋಶುವಾ ಬ್ಲಾಕ್ ಅವರೇ. ನಡು ಕಂಡುಹಿಡಿಯಲು ಎಡ ಮತ್ತು ಬಲ ಕೂಡಿಸಿ ಎರಡರಿಂದ ಭಾಗಿಸುತ್ತೇವಲ್ಲ, ಪಟ್ಟಿಯಲ್ಲಿ ನೂರು ಕೋಟಿಗೂ ಜಾಸ್ತಿ ಸಂಖ್ಯೆಗಳಿದ್ದರೆ ಆ ಕೂಡಿಸಿದ ಮೊತ್ತವೇ, ಪೂರ್ಣ ಸಂಖ್ಯೆ ಇಡಲು ಜಾವಾ ಬಳಸುವ ಇಂಟಿಜರ್‌ನ ಮಿತಿಯಾದ ಸುಮಾರು 214 ಕೋಟಿ ದಾಟಿ ಮೈನಸ್ ಆಗಿಬಿಡಬಹುದು. ಬಲದಿಂದ ಎಡ ಕಳೆದು, ಅರ್ಧ ಮಾಡಿ, ಎಡಕ್ಕೆ ಕೂಡಿಸಿದರೆ ಸರಿಹೋಗುತ್ತದೆ. ತಪ್ಪು ಮಾಡಿದವರೇ ಎದ್ದು ನಿಂತು ಹೇಳಿದರು ನೋಡಿ, ಅದು ನನಗೆ ತುಂಬಾ ಇಷ್ಟವಾದ ವಿಷಯ.

ಹನ್ನೆರಡು ಪ್ರೋಗ್ರಾಂ ಇವೆ ಎಂದಿರಲ್ಲ, ವಾರಕ್ಕೊಂದು ತೆಗೆದುಕೊಳ್ಳಿ. ಚಿಕ್ಕ ಉದಾಹರಣೆ ಹಾಕಿಕೊಂಡು ಪ್ರತಿ ಸುತ್ತನ್ನೂ ಕೈಯಲ್ಲಿ ಬರೆಯಿರಿ. ಆಮೇಲೆ ಒಂದೊಂದೇ ಗೆರೆ ತೆಗೆದು ಏನು ಕೆಡುತ್ತದೆ ನೋಡಿ. ಗೆಳತಿಯೊಬ್ಬಳನ್ನು ಕೂರಿಸಿಕೊಂಡು "ಯಾಕೆ" ಎಂದು ಕೇಳಲು ಹೇಳಿ, ಅವಳಿಗೆ ಅಲ್ಗಾರಿದಮ್ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು.

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಒಂದು ಕಾಲೇಜಿನಲ್ಲಿ ಬಿಸಿಎ ಮಕ್ಕಳಿಗೆ ಪಾಠ ಮಾಡುತ್ತೇನೆ. ಹೆಚ್ಚಿನವರು ಕನ್ನಡ ಮಾಧ್ಯಮದಿಂದ ಬಂದವರು. ಸಾರ್ಟಿಂಗ್‌ವರೆಗೆ ಹೇಗೋ ನಡೆಯುತ್ತದೆ. ರಿಕರ್ಶನ್, ಡೈನಾಮಿಕ್ ಪ್ರೋಗ್ರಾಮಿಂಗ್ ಅಂದ ಕೂಡಲೇ ಮುಖ ಬಾಡುತ್ತದೆ. ಪುಸ್ತಕದ ಉದಾಹರಣೆ ಬಿಟ್ಟು ಬೇರೆ ಏನಾದರೂ ಇದೆಯಾ? (ಉಪನ್ಯಾಸಕರು)

ಇದೆ ಸರ್, ಅದೂ ನಿಮ್ಮ ಮಕ್ಕಳು ಹೈಸ್ಕೂಲಿನಲ್ಲೇ ಕಲಿತು ಬಂದದ್ದು. ಛಂದಸ್ಸು! ಲಘು ಒಂದು ಮಾತ್ರೆ, ಗುರು ಎರಡು ಮಾತ್ರೆ. ಕನ್ನಡ ಮೇಷ್ಟ್ರು ಬೋರ್ಡಿನ ಮೇಲೆ ಪದ್ಯ ಬರೆದು ಪ್ರಸ್ತಾರ ಹಾಕಿಸಿರುತ್ತಾರೆ, ಅಕ್ಷರದ ನೆತ್ತಿಯ ಮೇಲೆ ಬಟ್ಟಲಿನಂಥ ಗುರುತು, ಅಡ್ಡಗೆರೆ, ಗಣಕ್ಕೊಂದು ನಿಲುವು ಗೆರೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಅದು ಚೆನ್ನಾಗಿಯೇ ನೆನಪಿರುತ್ತದೆ. ಆ ತರಗತಿಯಲ್ಲಿ ಒಂದು ಸಲ ಅವರ ಕೈ ಮೇಲಾಗಲಿ.

ಒಂದು ಪ್ರಶ್ನೆ ಕೇಳಿ: ನಾಲ್ಕು ಮಾತ್ರೆಯ ಗಣವನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದು? ಬೋರ್ಡಿಗೆ ಕರೆದು ಬರೆಸಿ. ಲಲಲಲ, ಲಲಗು, ಲಗುಲ, ಗುಲಲ, ಗುಗು. ಐದು ಬಗೆ. ಮೂರು ಮಾತ್ರೆಗೆ? ಲಲಲ, ಲಗು, ಗುಲ. ಮೂರು. ಎರಡು ಮಾತ್ರೆಗೆ ಎರಡು, ಒಂದಕ್ಕೆ ಒಂದು. ಐದು ಮಾತ್ರೆಗೆ ಎಷ್ಟು ಎಂದು ಕೇಳಿದರೆ ಎಲ್ಲರೂ ಬರೆಯೋಕೆ ಶುರು ಮಾಡುತ್ತಾರೆ, ಯಾವುದೋ ಒಂದು ಬಿಟ್ಟುಹೋಗುತ್ತದೆ, ಯಾವುದೋ ಎರಡು ಸಲ ಬರುತ್ತದೆ. ಗಲಾಟೆಯಾಗುತ್ತದೆ. ಆಗಲಿ ಬಿಡಿ, ನಮಗೆ ಬೇಕಾದದ್ದೂ ಅದೇ.

ಆಗ ಕೇಳಿ: ಕೊನೆಯ ಅಕ್ಷರ ಏನಿರಬಹುದು? ಲಘು ಇರಬೇಕು, ಇಲ್ಲ ಗುರು ಇರಬೇಕು, ಬೇರೆ ದಾರಿಯೇ ಇಲ್ಲ. ಲಘು ಆಗಿದ್ದರೆ ಅದರ ಹಿಂದೆ ನಾಲ್ಕು ಮಾತ್ರೆ ಇದೆ, ಅದನ್ನು ಐದು ಬಗೆಯಲ್ಲಿ ಕಟ್ಟಬಹುದೆಂದು ಆಗಲೇ ಎಣಿಸಿದ್ದೇವೆ. ಗುರು ಆಗಿದ್ದರೆ ಹಿಂದೆ ಮೂರು ಮಾತ್ರೆ, ಅದಕ್ಕೆ ಮೂರು ಬಗೆ. ಐದು ಮೂರು ಎಂಟು. ಒಂದನ್ನೂ ಬರೆಯದೆ ಉತ್ತರ ಬಂತು! ಇದೇ ರಿಕರ್ಶನ್. ದೊಡ್ಡ ಲೆಕ್ಕವನ್ನು ಅದೇ ಜಾತಿಯ ಚಿಕ್ಕ ಲೆಕ್ಕಕ್ಕೆ ಇಳಿಸುವುದು, ಬರೆದು ಮುಗಿಸಬಹುದಾದಷ್ಟು ಚಿಕ್ಕದಾದಾಗ ನಿಲ್ಲುವುದು.

ಮುಂದೆ ಡೈನಾಮಿಕ್ ಪ್ರೋಗ್ರಾಮಿಂಗ್. ಆರು ಮಾತ್ರೆಗೆ ಇದೇ ರೀತಿ ಕವಲು ಬಿಡಿಸಿ. ಆರಕ್ಕೆ ಐದು ಮತ್ತು ನಾಲ್ಕು ಬೇಕು. ಐದಕ್ಕೆ ನಾಲ್ಕು ಮತ್ತು ಮೂರು ಬೇಕು. ಪ್ರತಿ ನಾಲ್ಕಕ್ಕೂ ಮೂರು ಮತ್ತು ಎರಡು ಬೇಕು. ನಾಲ್ಕರ ಲೆಕ್ಕ ಎರಡು ಸಲ ಬಂತು, ಮೂರರ ಲೆಕ್ಕ ಮೂರು ಸಲ ಬಂತು. ಬೋರ್ಡಿನ ಮೇಲೆ ಸುತ್ತು ಹಾಕಿ ತೋರಿಸಿ. ನಲವತ್ತು ಮಾತ್ರೆಗೆ ಹೀಗೇ ಹೋದರೆ, ಒಂದು ಮತ್ತು ಎರಡು ಮಾತ್ರೆಯ ಉತ್ತರ ಮೊದಲೇ ಗೊತ್ತಿದ್ದರೂ, ಈ ಲೆಕ್ಕ ಮಾಡುವ ಫಂಕ್ಷನ್ ಇಪ್ಪತ್ತು ಕೋಟಿಗೂ ಜಾಸ್ತಿ ಸಲ ಕರೆಸಿಕೊಳ್ಳುತ್ತದೆ. ಅದರ ಬದಲು ಒಂದು ಸಾಲಿನಲ್ಲಿ 1, 2, 3, 5, 8, 13 ಎಂದು ಬರೆಯುತ್ತಾ ಹೋದರೆ? ನಲವತ್ತೂ ಕೂಡಿಕೆ ಬೇಡ. ಒಮ್ಮೆ ಮಾಡಿದ ಲೆಕ್ಕವನ್ನು ಬರೆದಿಟ್ಟುಕೊಳ್ಳಿ, ಮತ್ತೆ ಮಾಡಬೇಡಿ. ಡೈನಾಮಿಕ್ ಪ್ರೋಗ್ರಾಮಿಂಗ್ ಎಂಬ ದೊಡ್ಡ ಹೆಸರಿನ ಒಳಗಿರುವುದು ಇಷ್ಟೇ. ಆ ಹೆಸರು 1950ರ ದಶಕದಲ್ಲಿ ಅಮೆರಿಕದ ಗಣಿತಜ್ಞ ರಿಚರ್ಡ್ ಬೆಲ್‌ಮನ್ ಇಟ್ಟದ್ದು. ಸಂಶೋಧನೆ ಎಂಬ ಮಾತೇ ಆಗದ ಒಬ್ಬ ಮಂತ್ರಿಯ ಕಣ್ಣಿಗೆ ತನ್ನ ಗಣಿತ ಬೀಳದಿರಲಿ ಎಂದೇ ಹಾಗೆ ಕರೆದೆ ಎಂದು ಅವರೇ ಬರೆದುಕೊಂಡಿದ್ದಾರೆ. ಆದ್ದರಿಂದ ಹೆಸರಿನ ಅರ್ಥ ಬಿಡಿಸಿ ಹೇಳುವುದರಲ್ಲಿ ಅರ್ಧ ಗಂಟೆ ಕಳೆಯಬೇಡಿ.

ಈ 1, 2, 3, 5, 8 ಸಾಲನ್ನು ಪುಸ್ತಕದಲ್ಲಿ ಫಿಬೊನಾಚಿ ಸಂಖ್ಯೆ ಎನ್ನುತ್ತಾರೆ. ಇಟಲಿಯ ಫಿಬೊನಾಚಿ ಮೊಲಗಳ ಲೆಕ್ಕ ಬರೆದದ್ದು 1202ರಲ್ಲಿ. ಅದಕ್ಕೂ ಮೊದಲೇ, ಸುಮಾರು 1150ರಲ್ಲಿ, ಜೈನ ವಿದ್ವಾಂಸ ಹೇಮಚಂದ್ರ ಇದೇ ಸಾಲನ್ನು ಇದೇ ಮಾತ್ರೆಗಳ ಲೆಕ್ಕದಿಂದಲೇ ಕೊಟ್ಟಿದ್ದರು. ಅವರಿಗಿಂತ ಶತಮಾನಗಳ ಹಿಂದೆ ಛಂದಸ್ಸಿನ ಪಂಡಿತ ವಿರಹಾಂಕ ಹೇಳಿದ್ದರು. ಇದನ್ನು ಮಕ್ಕಳಿಗೆ ಹೇಳಿ. "ನಮ್ಮವರು ಎಲ್ಲ ಕಂಡುಹಿಡಿದಿದ್ದರು" ಎಂದು ಎದೆ ತಟ್ಟಿಕೊಳ್ಳೋಕೆ ಅಲ್ಲ. ಪದ್ಯ ಓದುವವರಿಗೂ ಲೆಕ್ಕ ಮಾಡುವವರಿಗೂ ನಡುವೆ ಗೋಡೆ ಇರಲಿಲ್ಲ ಎಂದು ಗೊತ್ತಾಗಲಿ ಎಂದು.

ಇನ್ನೂ ಒಂದು ಮೆಟ್ಟಿಲು ಹತ್ತಬೇಕು ಎಂದರೆ ಭಾಮಿನಿ ಷಟ್ಪದಿ ತೆಗೆದುಕೊಳ್ಳಿ. ಅದರ ಮೊದಲ ಸಾಲಿಗೆ 14 ಮಾತ್ರೆ, 3-4-3-4 ಎಂದು ಗಣ. ಗಣದ ಕಟ್ಟು ಇಲ್ಲದಿದ್ದರೆ 14 ಮಾತ್ರೆಗೆ 610 ಬಗೆ. ಗಣ ಹಾಕಿದರೆ ಮೂರು, ಐದು, ಮೂರು, ಐದು ಗುಣಿಸಿ 225. ಗಣದ ಶುರುವಿನಲ್ಲಿ ಲಘುವಿನ ಮೇಲೆ ಗುರು ಬರಬಾರದು ಎಂದು ಕನ್ನಡ ಮೇಷ್ಟ್ರು ಹೇಳಿರುತ್ತಾರಲ್ಲ, ಅದನ್ನೂ ಸೇರಿಸಿದರೆ ಮೂರಕ್ಕೆ ಎರಡು ಬಗೆ, ನಾಲ್ಕಕ್ಕೆ ನಾಲ್ಕು ಬಗೆ ಉಳಿಯುತ್ತದೆ, ಒಟ್ಟು 64. ನಿಯಮ ಹೆಚ್ಚಿದಷ್ಟೂ ಬೇಡದ ಕೊಂಬೆ ಮೊದಲೇ ಕತ್ತರಿಸಬಹುದು. ಈ ಅರವತ್ನಾಲ್ಕನ್ನೂ ಅಚ್ಚು ಹಾಕುವ ಪ್ರೋಗ್ರಾಂ ಬರೆಯಿರಿ ಎಂದು ಮನೆಗೆಲಸ ಕೊಡಿ. ಬ್ಯಾಕ್‌ಟ್ರ್ಯಾಕಿಂಗ್ ಪಾಠ, ಅಂದರೆ ದಾರಿ ಮುಚ್ಚಿದ ಕಡೆ ಹಿಂದೆ ಬಂದು ಬೇರೆ ಕವಲು ಹಿಡಿಯುವುದು, ಅರ್ಧ ಅಲ್ಲೇ ಮುಗಿಯುತ್ತದೆ, ಎಂಟು ರಾಣಿಯರ ಚೆಸ್ ಸಮಸ್ಯೆ ಆಮೇಲೆ ಬರಲಿ.

ಇನ್ನೊಂದು ಮಾತು. ಪಾಠ ಕನ್ನಡದಲ್ಲೇ ಮಾಡಿ. ಸ್ಟ್ಯಾಕ್, ಲೂಪ್, ಅರೇ ಎಂಬ ಪದಗಳನ್ನು ಹಾಗೇ ಇಟ್ಟುಕೊಳ್ಳಿ, ಪರೀಕ್ಷೆಯಲ್ಲಿ ಅವೇ ಬರುತ್ತವೆ. ಆದರೆ "ಯಾಕೆ" ಎಂಬುದರ ಉತ್ತರ ಮಗುವಿನ ಸ್ವಂತ ಭಾಷೆಯಲ್ಲಿ ಬರಲಿ. ಇಂಗ್ಲಿಷ್ ವಾಕ್ಯ ಹುಡುಕುವುದರಲ್ಲೇ ಸುಸ್ತಾದ ಮಗು ಯೋಚನೆ ಯಾವಾಗ ಮಾಡಬೇಕು, ಹೇಳಿ.

ಪ್ರಶ್ನೆ: ಈಗ ಎಐ ಕೇಳಿದ ಕೋಡ್ ಬರೆದುಕೊಡುತ್ತದೆ. ಮಗ ಹೇಳುತ್ತಾನೆ, ಅಲ್ಗಾರಿದಮ್ ಓದುವುದು ಟೈಮ್ ವೇಸ್ಟ್ ಅಂತ. ನಿಜವಾ? (ಒಬ್ಬ ತಂದೆ, ದಾವಣಗೆರೆ)

ಬರೆದುಕೊಡುತ್ತದೆ, ನಿಜ. ಎಷ್ಟೋ ಸಲ ಚೆನ್ನಾಗಿಯೇ ಬರೆಯುತ್ತದೆ. ಆದರೆ ಬಂದದ್ದು ಒಳ್ಳೆಯದೋ ಕೆಟ್ಟದ್ದೋ ಎಂದು ಹೇಳಬೇಕಾದವನು ನಿಮ್ಮ ಮಗನೇ.

ಪರೀಕ್ಷೆ ಮುಗಿದ ಮೇಲೆ ಸ್ಟಾಫ್ ರೂಮಿನಲ್ಲಿ ನಾವು ಮಾಡುವ ಒಂದು ಕೆಲಸ ಹೇಳುತ್ತೇನೆ. 120 ಉತ್ತರ ಪತ್ರಿಕೆಯ ಬಂಡಲ್, ರಿಜಿಸ್ಟರ್ ನಂಬರ್ ಪ್ರಕಾರ ಜೋಡಿಸಬೇಕು. ಒಬ್ಬರೇ ಕೂತು ಒಂದೊಂದನ್ನೇ ಎತ್ತಿ ಅದರ ಜಾಗ ಹುಡುಕಿ ತೂರಿಸುತ್ತಾ ಹೋದರೆ, ಅದೃಷ್ಟ ಕೆಟ್ಟರೆ 7,140 ಸಲ ನಂಬರ್ ಹೋಲಿಸಬೇಕು. ನಾವು ಹಾಗೆ ಮಾಡುವುದಿಲ್ಲ. ನಾಲ್ಕು ಜನ ಮೂವತ್ತು ಮೂವತ್ತು ಹಂಚಿಕೊಳ್ಳುತ್ತೇವೆ. ಅವರವರ ಕಟ್ಟು ಜೋಡಿಸಿದ ಮೇಲೆ ಎರಡು ಕಟ್ಟು ಎದುರುಬದುರು ಇಟ್ಟು, ಮೇಲಿರುವ ಎರಡು ಪತ್ರಿಕೆ ಮಾತ್ರ ನೋಡಿ, ಚಿಕ್ಕ ನಂಬರ್ ಇರುವುದನ್ನು ಎತ್ತಿ ಪಕ್ಕಕ್ಕೆ ಹಾಕುತ್ತೇವೆ. ಒಳಗಿನ ಪತ್ರಿಕೆ ನೋಡುವ ಅಗತ್ಯವೇ ಇಲ್ಲ. ಯಾರೂ ಹೇಳಿಕೊಟ್ಟದ್ದಲ್ಲ, ಟೀ ಬರುವುದರೊಳಗೆ ಮುಗಿಸಬೇಕು ಎಂದು ತಾನಾಗಿ ಹುಟ್ಟಿದ ಉಪಾಯ. ಇದನ್ನೇ ಇನ್ನೂ ಚಿಕ್ಕ ಚಿಕ್ಕ ಕಟ್ಟಿಗೆ ಇಳಿಸಿದರೆ ಮರ್ಜ್ ಸಾರ್ಟ್, 1945ರಲ್ಲಿ ಜಾನ್ ವಾನ್ ನಾಯ್ಮನ್ ಕಂಪ್ಯೂಟರ್‌ಗಾಗಿ ಬರೆದದ್ದು.

ಈಗ 120ರ ಜಾಗದಲ್ಲಿ 10 ಲಕ್ಷ ಇಡಿ. ಮೊದಲ ದಾರಿಯಲ್ಲಿ ಸುಮಾರು 50 ಸಾವಿರ ಕೋಟಿ ಹೋಲಿಕೆ, ಎರಡನೆಯದರಲ್ಲಿ ಸುಮಾರು 2 ಕೋಟಿ. ಸೆಕೆಂಡಿಗೆ 10 ಕೋಟಿ ಹೋಲಿಕೆ ಮಾಡುವ ಮೆಷಿನ್ ಇದ್ದರೂ ಮೊದಲನೆಯದಕ್ಕೆ 1 ಗಂಟೆ 23 ನಿಮಿಷ, ಎರಡನೆಯದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತು. ಹತ್ತು ಸಂಖ್ಯೆ ಕೊಟ್ಟು ನೋಡಿದರೆ ಎರಡೂ ಕೋಡ್ ಒಂದೇ ಥರ ಓಡುತ್ತವೆ, ವ್ಯತ್ಯಾಸ ಕಾಣುವುದೇ ಇಲ್ಲ. ಈ ಲೆಕ್ಕ ಗೊತ್ತಿಲ್ಲದವರು ಮೊದಲನೆಯದನ್ನೇ ಒಪ್ಪಿಕೊಂಡು ಮನೆಗೆ ಹೋಗುತ್ತಾರೆ. ಮಗನಿಗೆ ಈ ಎರಡು ಅಂಕಿ ತೋರಿಸಿ, ಅವನೇ ಹೇಳಲಿ.

ಪ್ರಶ್ನೆ: ಅಲ್ಗಾರಿದಮ್‌ಗೆ ಕನ್ನಡ ಪದ ಏನು? ಈ ಹೆಸರು ಎಲ್ಲಿಂದ ಬಂತು? (ತೀರ್ಥಹಳ್ಳಿ)

ಕ್ರಮಾವಳಿ ಎಂದು ಬರೆಯುವವರಿದ್ದಾರೆ, ಕ್ರಮವಿಧಿ ಎನ್ನುವವರೂ ಇದ್ದಾರೆ. ನನಗೆ ಅಲ್ಗಾರಿದಮ್ ಎಂದರೆ ಸಾಕು, ಯಾಕೆಂದರೆ ಅದು ಇಂಗ್ಲಿಷಿನ ಸ್ವಂತದ್ದೂ ಅಲ್ಲ. ಒಂಬತ್ತನೇ ಶತಮಾನದಲ್ಲಿ ಬಾಗ್ದಾದಿನಲ್ಲಿದ್ದ ಅಲ್ ಖ್ವಾರಿಜ್ಮಿ ಎಂಬ ಗಣಿತಜ್ಞನ ಹೆಸರು ಲ್ಯಾಟಿನ್‌ಗೆ ಹೋಗಿ ತಿರುಚಿಕೊಂಡು ಬಂದದ್ದು. ಆತ ಬರೆದ ಒಂದು ಪುಸ್ತಕ ನಮ್ಮ ಭಾರತದ ಅಂಕಿಗಳಲ್ಲಿ ಲೆಕ್ಕ ಮಾಡುವುದು ಹೇಗೆ ಎಂಬುದರ ಬಗ್ಗೆ. ಅದು ಲ್ಯಾಟಿನ್‌ಗೆ ಹೋದ ಮೇಲೆ ಆ ಲೆಕ್ಕದ ವಿಧಾನಕ್ಕೇ ಅವನ ಹೆಸರು ಅಂಟಿಕೊಂಡಿತು.

ಪ್ರಶ್ನೆ: ಮಗಳು ಆರನೇ ಕ್ಲಾಸು. ಪಕ್ಕದ ಬೀದಿಯಲ್ಲಿ ಮಕ್ಕಳಿಗೆ ಕೋಡಿಂಗ್, ಅಲ್ಗಾರಿದಮ್ ಕ್ಲಾಸು ಶುರುವಾಗಿದೆ, ಫೀಸು ನಮ್ಮ ಕೈಗೆ ಮೀರಿದ್ದು. ಸೇರಿಸದಿದ್ದರೆ ಹಿಂದೆ ಬೀಳುತ್ತಾಳಾ? (ತಾಯಿ, ತುಮಕೂರು)

ಖಂಡಿತ ಬೀಳುವುದಿಲ್ಲ. ಸಾಲ ಮಾಡಿ ಸೇರಿಸಬೇಡಿ. ಈ ವಯಸ್ಸಿಗೆ ಲ್ಯಾಪ್‌ಟಾಪೂ ಬೇಡ. ನ್ಯೂಜಿಲೆಂಡಿನ ಟಿಮ್ ಬೆಲ್ ಮತ್ತು ಅವರ ಜೊತೆಯವರು ಕಂಪ್ಯೂಟರ್ ಇಲ್ಲದೆಯೇ ಕಂಪ್ಯೂಟರ್ ವಿಜ್ಞಾನ ಕಲಿಸುವ ಆಟಗಳನ್ನು ರೂಪಿಸಿ ಉಚಿತವಾಗಿ ಕೊಟ್ಟಿದ್ದಾರೆ, ಸೀಮೆಸುಣ್ಣದಲ್ಲಿ ನೆಲದ ಮೇಲೆ ಗೆರೆ ಎಳೆದುಕೊಂಡು ಆಡುವಂಥವು.

ಮನೆಯಲ್ಲೇ ಒಂದು ಆಟ ಆಡಿ. ನೀವು 1ರಿಂದ 100ರೊಳಗೆ ಒಂದು ಸಂಖ್ಯೆ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅವಳು ಒಂದು ಸಂಖ್ಯೆ ಹೇಳಲಿ, ನೀವು ಜಾಸ್ತಿ, ಕಡಿಮೆ ಎಂದಷ್ಟೇ ಹೇಳಿ. ನಾಲ್ಕು ದಿನ ಆಡಿದರೆ ಅವಳು ತಾನಾಗಿ 50ರಿಂದ ಶುರು ಮಾಡುತ್ತಾಳೆ. ಏಳನೇ ಸಲಕ್ಕೆ ತಪ್ಪದೆ ಸಿಗುತ್ತದೆ. ಆಗ "ಯಾಕೆ ಏಳೇ ಸಾಕು?" ಎಂದು ಕೇಳಿ, ಉತ್ತರ ಹೇಳಿಕೊಡಬೇಡಿ. ತಲೆ ಕೆಡಿಸಿಕೊಳ್ಳಲಿ.

ಪ್ರಶ್ನೆ: ಬಿಎಸ್ಸಿ ಗಣಿತ ಓದುತ್ತಿದ್ದೇನೆ. ಅಲ್ಗಾರಿದಮ್‌ನಲ್ಲಿ ಸಂಶೋಧನೆ ಮಾಡುವ ಆಸೆ. ಆದರೆ ಎಲ್ಲ ಕಂಡುಹಿಡಿದು ಮುಗಿದಿದೆ ಎನ್ನುತ್ತಾರೆ ಸ್ನೇಹಿತರು. (ಧಾರವಾಡ)

1960ರಲ್ಲಿ ಮಾಸ್ಕೋದಲ್ಲಿ ಇದೇ ಮಾತನ್ನು ದೊಡ್ಡ ಗಣಿತಜ್ಞ ಕೊಲ್ಮೊಗೊರೊವ್ ಕೂಡ ಹೆಚ್ಚುಕಡಿಮೆ ನಂಬಿದ್ದರು. ಶಾಲೆಯಲ್ಲಿ ಕಲಿಯುವ ಗುಣಾಕಾರ ಇದೆಯಲ್ಲ, ಅಂಕಿಗಳು ಎರಡು ಪಟ್ಟಾದರೆ ಕೆಲಸ ನಾಲ್ಕು ಪಟ್ಟಾಗುವಂಥದ್ದು, ಅದಕ್ಕಿಂತ ಬೇಗದ ದಾರಿ ಇರಲಾರದು ಎಂದು ಅವರು ಒಂದು ಸೆಮಿನಾರಿನಲ್ಲಿ ಹೇಳಿದರು. ಅಲ್ಲಿ ಕೂತಿದ್ದ 23 ವರ್ಷದ ಹುಡುಗ ಅನಾಟೊಲಿ ಕರಾಟ್ಸುಬಾ ಒಂದು ವಾರದೊಳಗೆ ಬೇಗದ ದಾರಿ ಹುಡುಕಿಕೊಂಡು ಬಂದ.

ಕೈಯಲ್ಲಿ ಮಾಡಿ ನೋಡಿ. 23 ಗುಣಿಲೆ 14. ಸಾಮಾನ್ಯ ದಾರಿಯಲ್ಲಿ ನಾಲ್ಕು ಗುಣಾಕಾರ ಬೇಕು. ಕರಾಟ್ಸುಬಾ ದಾರಿಯಲ್ಲಿ ಮೂರು. ಹತ್ತರ ಸ್ಥಾನದವು 2 ಗುಣಿಲೆ 1, ಎರಡು. ಬಿಡಿ ಸ್ಥಾನದವು 3 ಗುಣಿಲೆ 4, ಹನ್ನೆರಡು. ಮೂರನೆಯದು, 2 ಮತ್ತು 3 ಕೂಡಿಸಿ 5, 1 ಮತ್ತು 4 ಕೂಡಿಸಿ 5, ಐದೈದಲೆ ಇಪ್ಪತ್ತೈದು. ಇದರಲ್ಲಿ ಮೊದಲ ಎರಡನ್ನು ಕಳೆಯಿರಿ, ಹನ್ನೊಂದು. ಈಗ 200, 110, 12 ಕೂಡಿಸಿ. 322. ಒಂದು ಗುಣಾಕಾರ ಉಳಿಯಿತು. ಎರಡಂಕಿಗೆ ಇದು ಏನೂ ಅಲ್ಲ, ಆದರೆ ಸಾವಿರಾರು ಅಂಕಿಯ ಸಂಖ್ಯೆಯನ್ನು ಅರ್ಧರ್ಧ ಮಾಡುತ್ತಾ ಪ್ರತಿ ಹಂತದಲ್ಲೂ ಹೀಗೆ ಒಂದು ಉಳಿಸಿದರೆ ಲೆಕ್ಕವೇ ಬೇರೆಯಾಗುತ್ತದೆ. ಸಾವಿರಾರು ವರ್ಷ ಜನ ಗುಣಿಸುತ್ತಲೇ ಇದ್ದರು, ಆದರೂ ಇದು ಯಾರಿಗೂ ಹೊಳೆದಿರಲಿಲ್ಲ.

ನಮ್ಮ ದೇಶದ್ದೇ ಬೇಕಾ? ಒಂದು ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು, ಊಹೆಗೆ ಅದೃಷ್ಟಕ್ಕೆ ಬಿಡದೆ, ಬೇಗ ಮತ್ತು ಖಚಿತವಾಗಿ ಹೇಳುವ ಅಲ್ಗಾರಿದಮ್ ಇದೆ ಎಂದು 2002ರಲ್ಲಿ ತೋರಿಸಿಕೊಟ್ಟವರು ಕಾನ್ಪುರ ಐಐಟಿಯ ಮನೀಂದ್ರ ಅಗರ್ವಾಲ್, ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಅವರಲ್ಲಿ ಇಬ್ಬರು ಆಗಷ್ಟೇ ಬಿಟೆಕ್ ಮುಗಿಸಿದ್ದ ಹುಡುಗರು. ಅವರ ಪ್ರಬಂಧದ ಗಣಿತದಲ್ಲಿ ಬಹಳಷ್ಟು ನಿಮ್ಮ ಬಿಎಸ್ಸಿ, ಎಂಎಸ್ಸಿ ಬೀಜಗಣಿತ ಗೊತ್ತಿದ್ದರೆ ಹತ್ತಿರ ಹೋಗಬಹುದಾದದ್ದು. ಸಂಖ್ಯಾ ಸಿದ್ಧಾಂತ (ನಂಬರ್ ಥಿಯರಿ) ಮತ್ತು ಬಹುಪದೋಕ್ತಿಗಳ ಪಾಠ ಗಟ್ಟಿ ಮಾಡಿಕೊಂಡು, ಈ ರಜೆಯಲ್ಲಿ ಆ ಪ್ರಬಂಧವನ್ನು ಒಂದೊಂದೇ ಪುಟ ಓದಲು ಕೂತುಕೊಳ್ಳಿ. ಎಲ್ಲಿ ಸಿಕ್ಕಿಹಾಕಿಕೊಂಡಿರಿ ಎಂದು ನನಗೆ ಬರೆಯಿರಿ, ಆ ಪುಟ ಇಬ್ಬರೂ ಸೇರಿ ನೋಡೋಣ.